ಶೇಂಗಾ, ಬೆಲ್ಲ, ಕೋಕೋ: ಮನ್ಯಾಗ ಮಾಡೂ ಒಂದು ಕೇಕಿನ ಚರಿತ್ರೆ

ಹೊಲದ ಟಿಪ್ಪಣಿ ಬರಿಯೂ ಪುಟದಾಗ ಕೇಕಿನ ಸುದ್ದಿ ಯಾಕ ಅಂತ ನಗಬ್ಯಾಡ್ರಿ, ಪೂರ್ತಿ ಓದ್ರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ಕಡೆ ಹೋದರೂ ಈಗ ಹುಡುಗರ ಹುಟ್ಟುಹಬ್ಬಕ್ಕ ಕೇಕ್ ಆಗಬೇಕು. ಮೊಬೈಲ್ ನೋಡಿದ ಹುಡುಗರು ಹೆಸರು ಹಿಡಿದೇ ಕೇಳ್ತಾವ: ಚಾಕಲೇಟ್ ಪೀನಟ್ ಬಟರ್ ಕೇಕ್. ಪೀನಟ್ ಬಟರ್ ಅಂದ್ರ ಏನ್ರಿ? ಹುರಿದು ನುಣ್ಣಗ ಅರೆದ ಶೇಂಗಾ. ಅಷ್ಟ. ನಮ್ಮ ಹೊಲದಾಗ ಬೆಳೆದದ್ದು ಚೀಲದಾಗ ಪ್ಯಾಟಿಗೆ ಹೋಗಿ, ಡಬ್ಬಿ ತುಂಬಿ, ಇಂಗ್ಲಿಷ್ ಹೆಸರು ಹಚ್ಚಿಕೊಂಡು ನಮ್ಮ ಮನಿಗೇ ತಿರುಗಿ ಬರಾಕತ್ತೈತಿ.

ಈ ಕೇಕಿನೊಳಗಿನ ಒಂದೊಂದು ಸಾಮಾನು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಅಂತ ನೋಡುತ್ತಾ ಹೋದರೆ ಅದು ಬೇಸಾಯದ ಚರಿತ್ರೆಯೇ ಆಗುತ್ತದೆ. ಅದನ್ನ ಮೊದಲು ಬರೀತೀನಿ. ಮನ್ಯಾಗ ಮಾಡೂ ಅಳತಿ ಕಡೀಕ ಐತಿ.

ಹೆಸರಿನೊಳಗೇ ಸಾಕ್ಷಿ ಐತಿ

ಶೇಂಗಾ ನಮ್ಮ ನೆಲದ ಮೂಲ ಬೆಳೆ ಅಲ್ಲ. ಅದರ ತವರು ದಕ್ಷಿಣ ಅಮೆರಿಕ, ಈಗಿನ ಬೊಲಿವಿಯಾ ಮತ್ತು ಅರ್ಜೆಂಟೀನಾ ಕೂಡುವ ಭಾಗ. ಅಲ್ಲಿಯ ಜನ ಸಾವಿರಾರು ವರ್ಷ ಅದನ್ನು ಬೆಳೆದು ತಿಂದಿದ್ದರು. 1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ ಮೇಲೆ ಪೋರ್ಚುಗೀಸರು, ಸ್ಪೇನಿನವರು ಅದನ್ನು ಹಡಗಿನಲ್ಲಿ ಆಫ್ರಿಕಾಕ್ಕೂ ಏಷ್ಯಾಕ್ಕೂ ತಂದರು. ನಿಪ್ಪಾಣಿಯ ತಂಬಾಕು, ನಮ್ಮ ಗೋವಿನಜೋಳ, ಒಗ್ಗರಣಿಗೆ ಹಾಕೂ ಮೆಣಸಿನಕಾಯಿ, ಟೊಮ್ಯಾಟೊ, ಇವೆಲ್ಲಾ ಅದೇ ಖಂಡದಿಂದ ಬಂದ ನೆಂಟರು.

ಹೊರಗಿಂದ ಬಂದದ್ದು ಅನ್ನೋದಕ್ಕ ಹೆಸರು ಸಾಕು ನೋಡ್ರಿ. ಹೊಸ ಬೆಳಿ ಬಂದಾಗ ಅದಕ್ಕ ಹಳೇ ಬೆಳಿ ಹೆಸರನ್ನ ಹಚ್ಚತಾರ. ಮೈಸೂರು ಕಡೆ ಕಡಲೆಕಾಯಿ ಅಂದರು, ನೆಲಗಡಲೆ ಅಂದರು, ಅಂದ್ರ ನೆಲದಾಗಿನ ಕಡಲಿ. ಮರಾಠಿಯೊಳಗ ಭುಯಿಮೂಗ, ಅಂದ್ರ ಭೂಮಿಯೊಳಗಿನ ಹೆಸರು ಕಾಳು. ತಮಿಳಿನೊಳಗ ಮಣಿಲಾಕೊಟ್ಟೈ ಅಂತ ಒಂದು ಹೆಸರೈತಿ. ಫಿಲಿಪ್ಪೀನ್ಸಿನ ಮನಿಲಾ ಊರು ಅದರೊಳಗ ಕುಂತೈತಿ. ನಮ್ಮ 'ಶೇಂಗಾ' ಮರಾಠಿಯಿಂದ ಬಂದ ಶಬ್ದ, ಬರೀ ಕಾಯಿ ಅಂತ ಅರ್ಥ. ಅವರೆಶೇಂಗ, ನುಗ್ಗಿಶೇಂಗ ಇದ್ದಂಗ. ಬೆಳೆಯೇನೋ ಬಂತು, ಅದಕ್ಕ ತನ್ನದೇ ಒಂದು ಹೆಸರನ್ನ ಯಾರೂ ಇಡಲಿಲ್ಲ.

19ನೇ ಶತಮಾನದಲ್ಲಿ ಮದ್ರಾಸ್ ಕಡೆ ಶೇಂಗಾ ದೊಡ್ಡ ವ್ಯಾಪಾರದ ಬೆಳೆಯಾಯಿತು. ಪಾಂಡಿಚೇರಿ ಬಂದರಿನಿಂದ ಹಡಗು ತುಂಬಿ ಫ್ರಾನ್ಸಿನ ಮಾರ್ಸೇಲ್ ಊರಿನ ಎಣ್ಣೆ ಗಿರಣಿಗಳಿಗೆ ಹೋಗುತ್ತಿತ್ತು. ಅಲ್ಲಿ ಅದು ಎಣ್ಣೆಯಾಯಿತು, ಸಾಬೂನಾಯಿತು, ಉಳಿದದ್ದು ದನದ ಹಿಂಡಿಯಾಯಿತು. ನಮ್ಮ ಭಾಗ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. 20ನೇ ಶತಮಾನದ ಆರಂಭದಲ್ಲಿ ಮುಂಬಯಿ ಪ್ರಾಂತ್ಯದ ಕೃಷಿ ಇಲಾಖೆ ಸ್ಪ್ಯಾನಿಷ್, ಜಪಾನ್ ಅಂತ ಕರೆಯುವ ಹೊರಗಿನ ತಳಿಗಳನ್ನು ತರಿಸಿ ಬೆಳೆಸಿತು. ಆಮೇಲೆ ತಿಂಡಿವನಂನ ಟಿಎಂವಿ-2, ಜಳಗಾವಿಯ ಜೆಎಲ್-24, ಟ್ರಾಂಬೆಯ ಟ್ಯಾಗ್-24, ಧಾರವಾಡದ ಜಿಪಿಬಿಡಿ-4 ಒಂದರ ಹಿಂದೊಂದು ಬಂದವು. ಈ ಹೆಸರುಗಳು ನಿಮಗ ನನಗಿಂತ ಚಲೋ ಗೊತ್ತದಾವ.

ಹೊಲಕ್ಕ ಬಂದದ್ದು ವ್ಯಾಪಾರದಿಂದ. ಮನಿಯೊಳಗ ಬಂದದ್ದು ಅವ್ವಂದಿರಿಂದ. ಎಳ್ಳು, ಅಗಸಿ, ಗುರೆಳ್ಳು ನಮ್ಮ ಕಡೆ ಮೊದಲಿಂದ ಇದ್ದವು. ಎಳ್ಳು ಬೆಲ್ಲ ಕುಟ್ಟಿ ಹೋಳಿಗೆ ಮಾಡುವ ಕೈ ಮೊದಲೇ ಪಳಗಿತ್ತು. ಅದೇ ಕೈ ಶೇಂಗಾ ಹುರಿದು, ಸಿಪ್ಪಿ ಹಾರಿಸಿ, ಬೆಲ್ಲದ ಜೊತಿ ಕುಟ್ಟಿ ಶೇಂಗಾ ಹೋಳಿಗಿ ಮಾಡಿತು. ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಪಕ್ಕಕ್ಕ ಶೇಂಗಾ ಹಿಂಡಿ ಬಂತು. ಪಂಚಮಿಗೆ ಶೇಂಗಾ ಉಂಡಿ ಬಂತು. ಇವತ್ತು ಪಂಚಮಿ ಶೇಂಗಾ ಉಂಡಿ ಇಲ್ಲದ ಆಗೂದಿಲ್ಲ, ಎಳ್ಳ ಅಮವಾಸಿ ಹೊಲದೂಟ ಶೇಂಗಾ ಹೋಳಿಗಿ ಇಲ್ಲದ ಮುಗಿಯೂದಿಲ್ಲ. ಹಡಗಿನಲ್ಲಿ ಬಂದ ಕಾಯಿ ಹಬ್ಬದ ಎಡೆಯೊಳಗ ಕುಂತತು. ಯಾವುದು ನಮ್ಮದು, ಯಾವುದು ಹೊರಗಿನದು ಅಂತ ಕೇಕಿನ ಬಗ್ಗೆ ಮಾತಾಡೂ ಮುಂದ ಇದನ್ನ ನೆನಪಿಡಬೇಕು.

ಹುಳ ಕಲಿಸಿದ ಪಾಠ

ಶೇಂಗಾ ಅರೆದು ತಿನ್ನೋದು ಅಮೆರಿಕದ ಮೂಲ ಜನರಿಗೆ ಹಳೇ ಮಾತು. ಅದನ್ನು ಕಾರ್ಖಾನೆಯ ಮಾಲು ಮಾಡಿದ್ದು 19ನೇ ಶತಮಾನದ ಕೊನೆಯಲ್ಲಿ. ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲಿ ಶೇಂಗಾ ಪೇಸ್ಟಿಗೆ ಪೇಟೆಂಟ್ ಪಡೆದರು. ಅಮೆರಿಕದ ಡಾಕ್ಟರ್ ಕೆಲಾಗ್ ತಮ್ಮ ಆರೋಗ್ಯಧಾಮದ ರೋಗಿಗಳಿಗೆ ಮಾಂಸದ ಬದಲು ಕೊಡೋದಕ್ಕ 1895ರ ಹೊತ್ತಿಗೆ ಇಂಥದ್ದನ್ನೇ ಮಾಡಿದರು. ಪೀನಟ್ ಬಟರ್ ಕಂಡುಹಿಡಿದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಂತ ಬಹಳ ಮಂದಿ ಹೇಳ್ತಾರ, ಅದು ತಪ್ಪು. ಅವರು ಮಾಡಿದ ಕೆಲಸ ನಮಗ ಅದಕ್ಕಿಂತ ಹೆಚ್ಚು ಬೇಕಾದದ್ದು.

ಕಾರ್ವರ್ ಗುಲಾಮಗಿರಿಯಲ್ಲಿ ಹುಟ್ಟಿದ ಕರಿಯ ವಿಜ್ಞಾನಿ. 1896ರಿಂದ ಅಲಬಾಮಾ ರಾಜ್ಯದ ಟಸ್ಕೀಗಿ ಸಂಸ್ಥೆಯಲ್ಲಿ ಕೃಷಿ ವಿಭಾಗ ನೋಡಿಕೊಂಡರು. ಆ ಸೀಮೆಯಲ್ಲಿ ಹತ್ತಿ ಬಿಟ್ಟರೆ ಬೇರೆ ಬೆಳೆ ಇರಲಿಲ್ಲ. ವರ್ಷ ವರ್ಷ ಅದನ್ನೇ ಬೆಳೆದು ಭೂಮಿಯ ಸತ್ವ ಹೋಗಿತ್ತು, ರೈತರು ಸಾಲದಾಗ ಮುಳುಗಿದ್ದರು. ಅದರ ಮೇಲೆ ಮೆಕ್ಸಿಕೋ ಕಡೆಯಿಂದ ಹತ್ತಿಕಾಯಿ ತಿನ್ನುವ ಸೊಂಡಿಲ ಹುಳ ಬಂತು. 1892ರ ಸುಮಾರಿಗೆ ಟೆಕ್ಸಾಸ್ ಹೊಕ್ಕ ಹುಳ 1910ರ ಸುಮಾರಿಗೆ ಅಲಬಾಮಾ ಮುಟ್ಟಿತು. ಹೊಲಕ್ಕ ಹೊಲಾನೇ ಹೋದವು.

ಕಾರ್ವರ್ ಮೊದಲಿನಿಂದ ಹೇಳುತ್ತಿದ್ದದ್ದು ಒಂದೇ ಮಾತು: ಬೆಳೆ ಬದಲಿಸಿ, ಶೇಂಗಾ, ಅಲಸಂದಿ, ಸಿಹಿಗೆಣಸು ಹಾಕಿ. ಶೇಂಗಾದ ಬೇರಿನ ಗಂಟು ಗಾಳಿಯ ಸಾರಜನಕ ಹಿಡಿದು ಭೂಮಿಗೆ ಕೊಡ್ತೈತಿ ಅಂತ ತಿಳಿಸಿದರು. ಬೆಳೆಯೋದು ಹೇಳಿದರೆ ಸಾಲದು, ತಿನ್ನೋದೂ ಹೇಳಬೇಕು ಅಂತ 1916ರಲ್ಲಿ ರೈತರಿಗಾಗಿ ಒಂದು ಪುಸ್ತಿಕೆ ಹೊರಡಿಸಿದರು: ಶೇಂಗಾ ಬೆಳೆಯುವ ಬಗೆ ಮತ್ತು ಅದನ್ನು ತಿನ್ನಲು ತಯಾರಿಸುವ 105 ವಿಧಾನ. ಸಾರು, ಬ್ರೆಡ್, ಬಿಸ್ಕೀಟು, ಕೇಕು ಎಲ್ಲಾ ಅದರೊಳಗಿವೆ. ಕಾಕಂಬಿ ಹಾಕಿ ಮಾಡುವ ಶೇಂಗಾ ಕೇಕ್ ಸುದ್ದಾ ಐತಿ. ಕೃಷಿ ವಿಜ್ಞಾನಿ ಅಡಿಗಿ ಪುಸ್ತಕ ಯಾಕ ಬರೆದ್ರು ಅಂದ್ರ, ಪ್ಯಾಟಿ ದರ ಬಿದ್ದ ದಿನ ಬೆಳೆ ಕನಿಷ್ಠ ಮನಿ ಹೊಟ್ಟಿಗಾದರೂ ಆಗಲಿ ಅಂತ.

ಅಲಬಾಮಾದ ಎಂಟರ್‌ಪ್ರೈಸ್ ಅನ್ನುವ ಊರಿನವರು ಶೇಂಗಾ ಬೆಳೆದು ಎದ್ದು ನಿಂತರು. 1919ರಲ್ಲಿ ಊರ ನಡುವ ಆ ಹುಳಕ್ಕೇ ಒಂದು ಸ್ಮಾರಕ ಕಟ್ಟಿಸಿದರು. ಹತ್ತಿ ಒಂದನ್ನೇ ನಂಬೂದನ್ನ ಬಿಡಿಸಿದ್ದು ಹುಳ ಅಂತ ಅದಕ್ಕ ಮರ್ಯಾದಿ! ಮುಂದೆ 1928ರಲ್ಲಿ ಅಮೆರಿಕದ ರೀಸ್ ಅನ್ನೋರು ಚಾಕಲೇಟಿನ ಬಟ್ಟಲೊಳಗ ಶೇಂಗಾ ಪೇಸ್ಟ್ ತುಂಬಿ ಮಾರಿದರು. ಆ ಜೋಡಿ ರುಚಿ ಜಗತ್ತಿಗೆ ಹಿಡಿಸಿತು. ಇವತ್ತು ನಮ್ಮ ಹುಡುಗರು ಕೇಳೂ ಕೇಕಿನ ರುಚಿ ಅದ.

ಚಾಕಲೇಟಿನ ರೈತರು ನಮ್ಮಂಥವರೇ

ಕೋಕೋ ಕೂಡ ಶೇಂಗಾದ ಖಂಡದ್ದೇ. ಅಮೆಜಾನ್ ಕಾಡಿನ ಗಿಡ. ಮೆಕ್ಸಿಕೋದ ಮೂಲ ಜನ ಅದರ ಬೀಜವನ್ನು ಅರೆದು ಕಹಿ ಪಾನಕ ಮಾಡಿ ಕುಡಿಯುತ್ತಿದ್ದರು, ಬೀಜವನ್ನು ದುಡ್ಡಿನಂತೆ ಬಳಸುತ್ತಿದ್ದರು. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನದವರು ಅರೆದ ಕೋಕೋವನ್ನು ಒತ್ತಿ ಅದರ ಜಿಡ್ಡು ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಜಿಡ್ಡು ಹೋಗಿ ಉಳಿದ ಹಿಂಡಿಯನ್ನು ಪುಡಿ ಮಾಡಿದ್ದೇ ಕೋಕೋ ಪುಡಿ. ಅಂದ್ರ ನಮ್ಮ ಎಣ್ಣಿ ಗಾಣದ ಲೆಕ್ಕಾನ: ಎಣ್ಣಿ ಒಂದು ಕಡೆ, ಹಿಂಡಿ ಒಂದು ಕಡೆ. ಕೇಕಿಗೆ ಹಾಕೂ ಕರೀ ಪುಡಿ ಕೋಕೋದ ಹಿಂಡಿ ಅಂತ ತಿಳಕೊಳ್ರಿ.

ನಮ್ಮ ರಾಜ್ಯದಾಗ ದಕ್ಷಿಣ ಕನ್ನಡದ ಅಡಿಕೆ ತೋಟದ ರೈತರು 1970ರ ದಶಕದಲ್ಲಿ ಅಡಿಕೆ ಮರದ ನೆರಳಿಗೆ ಕೋಕೋ ಹಚ್ಚಿದರು. ಸ್ವಲ್ಪ ವರ್ಷದಾಗ ದರ ಕುಸಿಯಿತು, ಕೊಳ್ಳೋರು ಹಿಂದ ಸರಿದರು, ಕೋಕೋ ಕಾಯಿ ಕೇಳೋರಿಲ್ಲದಂಗ ಆತು. ಆಗ ಅಡಿಕೆ ರೈತರದ್ದೇ ಸಹಕಾರ ಸಂಘ ಕ್ಯಾಂಪ್ಕೋ ಮುಂದ ಬಂತು. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಂಘ ಅದು. ಕೋಕೋ ಕೊಳ್ಳೋಕೆ ಶುರು ಮಾಡಿ, ಕೊನೆಗೆ 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಸಹಕಾರಿ ಸಕ್ಕರಿ ಕಾರ್ಖಾನಿ ಕಂಡ ನಮಗ ಇದೇನು ಹೊಸದಲ್ಲ. ಬೆಳೆದವರೇ ಮಾಲು ಮಾಡಿ ಮಾರೂದು ಅಂದ್ರ ಏನು ಅಂತ ನಮಗೂ ಗೊತ್ತು.

ಅದೇ 1986ನೇ ವರ್ಷ ಇನ್ನೂ ಎರಡು ಸಂಗತಿ ನಡೆದವು. ಖಾದ್ಯ ಎಣ್ಣೆ ಆಮದು ತಗ್ಗಿಸೋಕೆ ಕೇಂದ್ರ ಸರ್ಕಾರ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಶುರು ಮಾಡಿತು. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ಶೇಂಗಾಕ್ಕೂ ಚಾಕಲೇಟಿಗೂ ನಮ್ಮ ರಾಜ್ಯದಾಗ ಒಂದೇ ವರ್ಷ ಬಾಗಿಲು ತೆರೀತು ಅನ್ನಬಹುದು.

ಬೇಕರಿಯೊಳಗ ಶೇಂಗಾ ಮೊದಲೇ ಇತ್ತು

ಕರ್ನಾಟಕದ ಬೇಕರಿ ಅಂದ್ರ ಅಯ್ಯಂಗಾರ್ ಬೇಕರಿ. ಹಾಸನ ಕಡೆಯ ಅಯ್ಯಂಗಾರ್ ಮನೆತನದವರು ಬೆಂಗಳೂರಿನಲ್ಲಿ 1898ರಲ್ಲಿ ಬಿ.ಬಿ. ಬೇಕರಿ ತೆರೆದರು. ಆಮೇಲೆ ಅವರ ಊರ ಕಡೆಯವರು ಒಬ್ಬರ ಕೈ ಹಿಡಿದು ಒಬ್ಬರು ಕೆಲಸ ಕಲಿತು ರಾಜ್ಯದ ಊರೂರಿಗೆ ಬೇಕರಿ ಒಯ್ದರು. ತತ್ತಿ ಮುಟ್ಟದ ಮನಿಯವರೂ ಬೇಕರಿ ಮೆಟ್ಟಿಲು ಹತ್ತಿದ್ದು ಹಂಗ.

ಬೇಕರಿ ಮಾಲಿನ ಜಿಡ್ಡು ಬಹಳ ಕಾಲ ಡಾಲ್ಡಾ ಆಗಿತ್ತು. 1937ರಲ್ಲಿ ಬಂದ ಡಾಲ್ಡಾ ನಮ್ಮ ಮಂದಿ ಬಾಯಾಗ ಎಲ್ಲಾ ವನಸ್ಪತಿಗೂ ಹೆಸರಾಗಿ ನಿಂತಿತು. ದಶಕಗಳ ತನಕ ಈ ದೇಶದ ವನಸ್ಪತಿಯನ್ನು ಬಹುಪಾಲು ಶೇಂಗಾ ಎಣ್ಣೆಯನ್ನು ಗಟ್ಟಿ ಮಾಡಿಯೇ ತಯಾರಿಸುತ್ತಿದ್ದರು. ಹಂಗಾರ ನಮ್ಮ ಹಿರ್ಯಾರು ಜಾತ್ರ್ಯಾಗ ಕೊಂಡು ತಿಂದ ಬೇಕರಿ ತುಂಡಿನೊಳಗ ಶೇಂಗಾ ಮೊದಲೇ ಇತ್ತು. ಹೆಸರು ಮಾತ್ರ ಕಾಣತಿರಲಿಲ್ಲ. ಅವರಿಗೆ 'ಶೇಂಗಾ ಕೇಕ್' ಅಂದ್ರ ಎಮ್ಮಿ ಮುಂದ ಇಡೂ ಹಿಂಡಿ, ಅದು ಬ್ಯಾರೆ ಮಾತು.

ಇನ್ನು ಉಬ್ಬಿಸೂ ಪುಡಿ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಅನ್ನುವ ಔಷಧಿ ವ್ಯಾಪಾರಿಯ ಹೆಂಡತಿಗೆ ತತ್ತಿಯೂ ಯೀಸ್ಟೂ ಆಗಿಬರುತ್ತಿರಲಿಲ್ಲ. ಅವರಿಗಾಗಿ 1843ರಲ್ಲಿ ಆತ ಬೇಕಿಂಗ್ ಪೌಡರ್ ಮಾಡಿದ. ತತ್ತಿ ಇಲ್ಲದ ಕೇಕಿಗೆ ದಾರಿ ಆಗಿದ್ದು ಒಂದು ಮನಿಯ ಪಥ್ಯದಿಂದ.

ನಮ್ಮ ಹೊಲದ ಲೆಕ್ಕ

ಈಗ ನಮ್ಮ ಕಡೆ ಬರೂಣು. ಉಗಾರ ಖುರ್ದದ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಆಮೇಲೆ ಸಹಕಾರಿ ಕಾರ್ಖಾನೆಗಳು ಬಂದವು, ಕಾಲುವೆ ಬಂತು, ನದಿಯಿಂದ ಪೈಪ್‌ಲೈನ್ ಎಳೆದೆವು, ಬೋರ್ ಹೊಡೆದೆವು. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡಿಗುಂಟ ಕಬ್ಬು ಹಸಿರು ಹಾಸಿತು. ಕಬ್ಬು ನಮಗ ಮನಿ ಕಟ್ಟಿಸೈತಿ, ಹುಡುಗರನ್ನ ಓದಿಸೈತಿ, ಅದನ್ನ ಬೈಯಾಕ ನಾ ಕುಂತಿಲ್ಲ. ಖರೆ, ಕಬ್ಬು ಹತ್ತಿದಂಗ ಹತ್ತಿದಂಗ ಜೋಳ, ಶೇಂಗಾ ಬದುವಿಗೆ ಸರಿದವು, ಆಮ್ಯಾಲ ಬದುವಿನಿಂದಲೂ ಇಳಿದವು. ಅಥಣಿಯ ಒಣ ಭೂಮಿ ಕಡೆ ಇನ್ನೂ ಶೇಂಗಾ ಕಾಣತೈತಿ. ನದಿ ದಂಡಿಯ ಎಷ್ಟೋ ಮನಿಯವರು ಪಂಚಮಿ ಉಂಡಿಗೆ ಶೇಂಗಾ ಅಂಗಡ್ಯಾಗ ತರತಾರ.

ಕಿತ್ತೋದು, ಬಿಡಿಸೋದು ಆಳಿನ ಕೆಲಸ, ಆಳು ಸಿಗೂದಿಲ್ಲ ಅನ್ನೋದು ಖರೇ ಮಾತು. ಹಂದಿ ಕಾಟಾನೂ ಐತಿ. ಆದರ ಕಾರ್ವರ್ ಕಂಡ ಹತ್ತಿ ಸೀಮೆಯನ್ನ ನೆನೆಸಿಕೊಳ್ರಿ. ಒಂದೇ ಬೆಳೆ, ಒಂದೇ ಕೊಳ್ಳೋರು, ಸವುಳು ಏರೂ ಭೂಮಿ. ಕುಳೆ ಕಬ್ಬು ಮುರಿದ ಮೇಲೆ ಒಂದು ಬ್ಯಾಸಿಗಿ ಶೇಂಗಾ ತೆಗೆದು ಮತ್ತ ಕಬ್ಬು ನಾಟಿ ಮಾಡಿದವರನ್ನ ಕೇಳ್ರಿ, ಮಣ್ಣಿನ ಹದ ಹೆಂಗ ಆಗತೈತಿ ಅಂತ ಅವರೇ ಹೇಳ್ತಾರ.

ದರದ ಲೆಕ್ಕಾನೂ ಒಂದು ನೋಡ್ರಿ. 2025-26ರ ಮುಂಗಾರಿ ಶೇಂಗಾದ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ, ಅಂದ್ರ ಕಾಯಿ ಕಿಲೋಕ್ಕ ಸುಮಾರು 73. ನೂರು ಕಿಲೋ ಕಾಯಿಗೆ 70 ಕಿಲೋ ಕಾಳು ಅಂತ ಹಿಡಿದರೆ, ಒಂದು ಕಿಲೋ ಕಾಳಿಗೆ ಬಿದ್ದದ್ದು ಸುಮಾರು 104 ರೂಪಾಯಿ. ಅದೇ ಕಾಳು ಹುರಿದು ಅರೆದು ಡಬ್ಬಿ ತುಂಬಿದ ಮೇಲೆ ಕಿಲೋಕ್ಕ ಎಷ್ಟು ಬರೆದಾರ ಅಂತ ಅಂಗಡ್ಯಾಗ ನಿಂತು ನೀವೇ ಓದ್ರಿ. ನಡುವಿನ ಕೆಲಸ ಹುರಿಯೂದು, ಅರಿಯೂದು. ಅದು ನಮ್ಮ ಮನ್ಯಾಗ ದಿನಾ ನಡಿಯೂ ಕೆಲಸ.

ಮನ್ಯಾಗ ಮಾಡೂ ಬಗೆ

ಮೊದಲು ಪೀನಟ್ ಬಟರ್. ಪಾವು ಕಿಲೋ ಶೇಂಗಾ ಕಾಳು ಸಣ್ಣ ಉರಿ ಮ್ಯಾಲ ಹುರಿರಿ, ಆರಿದ ಮೇಲೆ ಸಿಪ್ಪಿ ಹಾರಿಸ್ರಿ. ಮಿಕ್ಸರಿನಾಗ ಬಿಟ್ಟು ಬಿಟ್ಟು ತಿರುವ್ರಿ. ಮೊದಲು ಪುಡಿ ಆಗತೈತಿ, ಆಮೇಲೆ ಉಂಡಿ ಹಂಗ ಗಟ್ಟಿ ಆಗತೈತಿ. ಅಲ್ಲಿಗೆ ನೀರು ಹಾಕಬ್ಯಾಡ್ರಿ. ಶೇಂಗಾ ಕಾಳಿನೊಳಗ ಹತ್ತತ್ರ ಅರ್ಧ ಎಣ್ಣಿನೇ ಇರತೈತಿ, ಇನ್ನೂ ಸ್ವಲ್ಪ ತಿರುವಿದ್ರ ಎಣ್ಣಿ ಬಿಟ್ಟು ತಾನೇ ಮೆತ್ತಗ ಆಗತೈತಿ. ಚಿಟಿಕಿ ಉಪ್ಪು ಸಾಕು.

ಕೇಕಿಗೆ ಬೇಕಾದದ್ದು: ಗೋಧಿ ಹಿಟ್ಟು 180 ಗ್ರಾಂ, ಸಿಹಿ ಇಲ್ಲದ ಕೋಕೋ ಪುಡಿ 25 ಗ್ರಾಂ, ಬೆಲ್ಲ 180 ಗ್ರಾಂ, ಅರೆದ ಶೇಂಗಾ 120 ಗ್ರಾಂ, ಮಸರು 120 ಗ್ರಾಂ, ಶೇಂಗಾ ಎಣ್ಣಿ 50 ಮಿಲಿ, ನೀರು 150 ಮಿಲಿ, ಬೇಕಿಂಗ್ ಪೌಡರ್ ಒಂದು ಸಣ್ಣ ಚಮಚ, ಅಡಿಗಿ ಸೋಡಾ ಅರ್ಧ ಸಣ್ಣ ಚಮಚ.

ಓವನ್ ಇಲ್ಲಂದ್ರ ಚಿಂತಿ ಇಲ್ಲ. ದಪ್ಪ ತಳದ ಕುಕ್ಕರಿನಾಗ ಎರಡು ಬೆರಳು ಉಸುಕು ಇಲ್ಲಾ ಉಪ್ಪು ಹಾಕಿ ಮ್ಯಾಲ ಒಂದು ಸಣ್ಣ ಸ್ಟ್ಯಾಂಡ್ ಇಡ್ರಿ. ಗ್ಯಾಸ್ಕೆಟ್, ಸೀಟಿ ಎರಡೂ ತೆಗಿಬೇಕು, ನೀರು ಹಾಕಬಾರದು. ಮುಚ್ಚಿ ಹತ್ತು ನಿಮಿಷ ಕಾಯಿಸ್ರಿ. ಅಷ್ಟರೊಳಗ ಬೆಲ್ಲವನ್ನ ಬಿಸಿ ನೀರಿನಾಗ ಕರಗಿಸಿ ಸೋಸ್ರಿ, ಪೂರ್ತಿ ಆರಿಸ್ರಿ. ಅದಕ್ಕ ಮಸರು, ಎಣ್ಣಿ, ಅರೆದ ಶೇಂಗಾ ಹಾಕಿ ಚಲೋತ್ನಾಗ ಕಡಿರಿ. ಹಿಟ್ಟು, ಕೋಕೋ, ಸೋಡಾ, ಬೇಕಿಂಗ್ ಪೌಡರ್ ಕೂಡಿಸಿ ಜರಡಿ ಹಿಡಿದು ಇದರೊಳಗ ಸೇರಿಸ್ರಿ. ಒಣ ಹಿಟ್ಟು ಕಾಣದಂಗ ಆದ್ರ ಸಾಕು, ಹೆಚ್ಚು ತಿರುವಿದ್ರ ಕೇಕು ಗಟ್ಟಿ ಆಗತೈತಿ. ಮಸರಿನ ಹುಳಿ ಸೋಡಾಕ್ಕ ತಗುಲಿದ ಕೂಡಲೇ ಗಾಳಿ ಗುಳ್ಳಿ ಏಳತಾವ, ಅದಕ್ಕ ತಡ ಮಾಡದ ಎಣ್ಣಿ ಸವರಿದ ಏಳು ಇಂಚಿನ ಡಬ್ಬಿಗೆ ಸುರುವಿ ಕುಕ್ಕರಿನಾಗ ಇಡ್ರಿ. ಸಣ್ಣ ಉರಿ ಮ್ಯಾಲ 45ರಿಂದ 50 ನಿಮಿಷ. ಓವನ್ ಇದ್ದವರಿಗೆ 180 ಡಿಗ್ರಿ, 35ರಿಂದ 40 ನಿಮಿಷ. ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಹತ್ತಬಾರದು. ಆರಿದ ಮೇಲೆ ಕತ್ತರಿಸ್ರಿ. ಮ್ಯಾಲ ಸವರಾಕ ಉಳಿದ ಶೇಂಗಾ ಪೇಸ್ಟಿಗೆ ಎರಡು ಚಮಚ ಕೋಕೋ, ಬೆಲ್ಲದ ಪುಡಿ, ಸ್ವಲ್ಪ ಉಗುರುಬೆಚ್ಚನ ಹಾಲು ಕಲಸಿದ್ರ ಆತು.

ಎರಡು ಎಚ್ಚರಿಕಿ. ಒಂದು: ಬೂಸ್ಟು ಹಿಡಿದ, ಸುಕ್ಕುಗಟ್ಟಿದ, ಬಣ್ಣ ಕೆಟ್ಟ ಕಾಳನ್ನ ಆರಿಸಿ ತೆಗಿರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯೊಳಗಿನ ಬೂಸ್ಟಿನ ವಿಷ ಅದಕ್ಕ ಕಾರಣ ಅಂತ ಗೊತ್ತಾತು. ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟದ್ದು ಆಗ. ಹುರಿದರೆ ಆ ವಿಷ ಪೂರ್ತಿ ಹೋಗೂದಿಲ್ಲ. ಕಿತ್ತ ಕಾಯಿ ಕೈಯಾಗ ಹಿಡಿದು ಅಲುಗಿಸಿದ್ರ ಒಳಗ ಕಾಳು ಖಡಖಡ ಅನ್ನೂತನಕ ಒಣಗಿಸಿ ಚೀಲ ತುಂಬ್ರಿ. ಎರಡು: ಕೆಲವು ಹುಡುಗರಿಗೆ ಶೇಂಗಾ ಆಗಿಬರೂದಿಲ್ಲ, ಹುಟ್ಟುಹಬ್ಬಕ್ಕ ಬಂದ ಓಣಿ ಹುಡುಗರಿಗೆ ಹಂಚೂ ಮೊದಲು ಅವರ ಮನಿಯವರನ್ನ ಕೇಳ್ರಿ.

ಗೋಧಿ, ಬೆಲ್ಲ, ಶೇಂಗಾ, ಎಣ್ಣಿ, ಮಸರು ನಮ್ಮ ಕಡೆಯವು. ಕೋಕೋ ಕರ್ನಾಟಕದ ರೈತರೇ ಬೆಳೆದದ್ದು ಸಿಗತೈತಿ. ಸೋಡಾ, ಬೇಕಿಂಗ್ ಪೌಡರ್ ಮಾತ್ರ ಅಂಗಡಿಯವು. ನೂರು ವರ್ಷದ ಹಿಂದ ಶೇಂಗಾವನ್ನ ಹೋಳಿಗಿಯೊಳಗ ತುಂಬಿದ ಅವ್ವಂದಿರು ಬಂದ ಬೆಳೆಯನ್ನ ನಮ್ಮದು ಮಾಡಿದರು. ಅದೇ ಕೈಗೆ ಈ ಕೇಕು ದೊಡ್ಡ ಮಾತಲ್ಲ. ಕೇಕಿನ ನೆವದಿಂದಾದರೂ ಈ ಸಲ ನಾಲ್ಕು ಗುಂಟೆ ಶೇಂಗಾ ಹಾಕ್ರಿ. ನಿಮ್ಮ ಹೊಲದಾಗ ಯಾವ ತಳಿ ಉಳಿದೈತಿ, ಎಷ್ಟು ಗುಂಟೆ ಐತಿ, ಹಂದಿ ಕಾಟಕ್ಕ ಏನ್ ಮಾಡೀರಿ ಅಂತ ಬರೀರಿ. ಒಬ್ಬರ ಬೀಜ ಇನ್ನೊಬ್ಬರಿಗೆ ಆಗಲಿ.